ಹಳೆಯ ಕಂಪ್ಯೂಟರಿನ ಜೀರ್ಣೋದ್ಧಾರ

ಮಕರ ಸಂಕ್ರಮಣ ಕಳೆದ ಮೇಲೆ ಮಳೆಗಾಲ ಹಿಡಿಯುವವರೆಗೆ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಯಾವ ದಾರಿ ಹಿಡಿದರೂ ಯಾವುದಾದರೊಂದು ಬ್ರಹ್ಮಕಲಶೋತ್ಸವದ ಕಮಾನು ಕಾಣುತ್ತದೆ. ಗರ್ಭಗುಡಿ ಶಿಥಿಲವಾದಾಗ ಅನುಸರಿಸುವ ವಿಧಿ ನಮ್ಮ ಊರಿನವರಿಗೆ ಹೊಸತಲ್ಲ. ಮೊದಲು ದೇವರ ಅನುಜ್ಞೆ ಬೇಡುತ್ತಾರೆ. ಬಿಂಬದಲ್ಲಿರುವ ಸಾನ್ನಿಧ್ಯವನ್ನು ಸಂಕೋಚಗೊಳಿಸಿ ಕಲಶದ ನೀರಿಗೆ ತಂದುಕೊಳ್ಳುತ್ತಾರೆ, ಅಲ್ಲಿಂದ ಅದನ್ನು ಬಾಲಾಲಯದ, ಅಂದರೆ ತಾತ್ಕಾಲಿಕ ಗುಡಿಯ, ಪುಟ್ಟ ಬಿಂಬಕ್ಕೆ ಸಾಗಿಸುತ್ತಾರೆ. ಆಮೇಲೆ ಹಳೆಯ ಗೋಡೆ ಬಿಚ್ಚುತ್ತಾರೆ, ಹೊಸ ಶಿಲೆ ಬರುತ್ತದೆ, ಪೀಠಕ್ಕೆ ಅಷ್ಟಬಂಧ ತುಂಬುತ್ತಾರೆ, ಕೊನೆಗೆ ಬ್ರಹ್ಮಕಲಶಾಭಿಷೇಕ ನಡೆಯುತ್ತದೆ. ಗೋಡೆ ಬದಲಾಗಿದೆ, ಮಾಡು ಬದಲಾಗಿದೆ, ಬಿಂಬ ಭಿನ್ನವಾಗಿದ್ದರೆ ಬಿಂಬವೂ ಬದಲಾಗಿದೆ. ಆದರೂ ಮರುದಿನ ಹಣ್ಣುಕಾಯಿ ಹಿಡಿದು ಬಂದವರು ಇದು ಹಿಂದಿನ ದೇವರೇ ಹೌದೋ ಅಲ್ಲವೋ ಎಂದು ಕೇಳುವುದಿಲ್ಲ. ಕೇಳದಿರುವುದು ಅಜ್ಞಾನದಿಂದಲ್ಲ. ಯಾವುದು ಬದಲಾಗಬಹುದು, ಯಾವುದು ಬದಲಾಗಕೂಡದು ಎಂಬುದನ್ನು ಆ ವಿಧಿಯೇ ಮೊದಲು ಇತ್ಯರ್ಥ ಮಾಡಿರುತ್ತದೆ. ಲೋಕದಲ್ಲಿ ಬೇರೊಂದು ಬಗೆಯ ಜೀರ್ಣೋದ್ಧಾರವೂ ನಡೆದಿದೆ. 1970 ಮತ್ತು 80ರ ದಶಕಗಳಲ್ಲಿ ಮನೆಮನೆಗೆ ಬಂದಿದ್ದ ಪುಟ್ಟ ಕಂಪ್ಯೂಟರುಗಳನ್ನು ಹವ್ಯಾಸಿಗಳು ಮತ್ತೆ ಕಟ್ಟುತ್ತಿದ್ದಾರೆ. ಇದು ಅದೇ ಯಂತ್ರವೋ ಬರೀ ನಕಲೋ ಎಂಬ ಪ್ರಶ್ನೆಯನ್ನು ಅವರಿಗೆ ಎಲ್ಲರೂ ಕೇಳುತ್ತಾರೆ. ಈ ಪ್ರಶ್ನೆಗೆ ಬೇಕಾದ ವಿಚಾರ ನಮ್ಮ ಮೀಮಾಂಸಕರಲ್ಲಿ, ನೈಯಾಯಿಕರಲ್ಲಿ, ಕರಾವಳಿಯ ತಂತ್ರಿಗಳ ನಡಾವಳಿಯಲ್ಲಿ ಬಹಳ ಹಿಂದೆಯೇ ಆಗಿದೆ, ಅದನ್ನು ಇಲ್ಲಿಗೆ ತಂದರೆ ಈ ಹವ್ಯಾಸಕ್ಕೆ ಒಂದು ಧರ್ಮ, ಅಂದರೆ ಒಂದು ಕಟ್ಟುಪಾಡು, ಸಿಗುತ್ತದೆ ಎಂಬುದು ನನ್ನ ವಾದ.

ಯಂತ್ರಗಳ ವಿಷಯಕ್ಕೆ ಬರೋಣ. ಬ್ರಿಟನ್ನಿನ ಸಿಂಕ್ಲೇರ್ ರಿಸರ್ಚ್ 1982ರ ಏಪ್ರಿಲ್ 23ರಂದು ಜಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಕಂಪ್ಯೂಟರನ್ನು ಹೊರತಂದಿತು. 16 ಕೆ ಸ್ಮರಣೆಯದಕ್ಕೆ 125 ಪೌಂಡ್, 48 ಕೆ ಸ್ಮರಣೆಯದಕ್ಕೆ 175 ಪೌಂಡ್. ಪರದೆಯಾಗಿ ಮನೆಯ ಟಿ.ವಿ., ಕಡತ ಉಳಿಸಲು ಹಾಡು ಕೇಳುವ ಕ್ಯಾಸೆಟ್. ಅದರ ಭಾರತೀಯ ರೂಪ 80ರ ದಶಕದ ಉತ್ತರಾರ್ಧದಲ್ಲಿ ಪುಣೆಯ ಡೆಸಿಬೆಲ್ಸ್ ಕಂಪನಿಯಿಂದ ಡಿಬಿ ಸ್ಪೆಕ್ಟ್ರಮ್ ಪ್ಲಸ್ ಎಂಬ ಹೆಸರಿನಲ್ಲಿ ಬಂತು. ಅದಕ್ಕೂ ಮೊದಲು, 1984ರಲ್ಲಿ ಶುರುವಾದ ಕ್ಲಾಸ್ ಯೋಜನೆಯಡಿ ಕೇಂದ್ರ ಸರ್ಕಾರ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ಕೊಡಲು ಹೊರಟಿತು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಅದನ್ನೇ ಯೂನಿಕಾರ್ನ್ ಹೆಸರಿನಲ್ಲಿ ಇಲ್ಲಿ ತಯಾರಿಸಿತು. ಇವುಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ, ಉಳಿದವು ಸುಸ್ಥಿತಿಯಲ್ಲಿಲ್ಲ. ಸ್ಪೆಕ್ಟ್ರಮ್ಮಿನ ಕೀಲಿಗಳ ಕೆಳಗಿರುವ ತೆಳು ಪ್ಲಾಸ್ಟಿಕ್ ಹಾಳೆ ಒಣಗಿ ಮುರಿಯುತ್ತದೆ. ಕೆಪಾಸಿಟರುಗಳು ಸೋರುತ್ತವೆ. ಕೆಲವು ಯಂತ್ರಗಳಲ್ಲಿ ಬೋರ್ಡಿಗೇ ಬೆಸೆದ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಒಡೆದು, ಅದರ ಕ್ಷಾರ ತಾಮ್ರದ ಗೆರೆಗಳನ್ನು ಹಸಿರುಗಟ್ಟಿಸಿ ತಿಂದುಬಿಡುತ್ತದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ನಮ್ಮಂಥ ಊರಿನಲ್ಲಿ ಇದೆಲ್ಲ ಇನ್ನೂ ಬೇಗ ಆಗುತ್ತದೆ. ಕ್ಯಾಸೆಟ್ಟಿಗೆ, ಫ್ಲಾಪಿಗೆ ಬೂಷ್ಟು ಹಿಡಿಯಲು ಎರಡು ಆಷಾಢ ಸಾಕು. ಅಂದರೆ ಮೂಲ ದ್ರವ್ಯವನ್ನೇ ಶಾಶ್ವತವಾಗಿ ಇಟ್ಟುಕೊಳ್ಳುತ್ತೇವೆ ಎಂಬ ಆಯ್ಕೆ ಇಲ್ಲವೇ ಇಲ್ಲ. ಮರುನಿರ್ಮಾಣ ಬೇಡ ಎನ್ನುವವರು ನಿಜಕ್ಕೂ ಹೇಳುತ್ತಿರುವುದು, ಆ ಯಂತ್ರಗಳು ಹೋಗಲಿ ಎಂದು.

ಮರುನಿರ್ಮಾಣ ಒಂದೇ ಬಗೆಯದಲ್ಲ. ಇಂದಿನ ಕಂಪ್ಯೂಟರಿನ ಮೇಲೆ ಹಳೆಯದರಂತೆ ನಡೆದುಕೊಳ್ಳುವ ತಂತ್ರಾಂಶ, ಅಂದರೆ ಎಮ್ಯುಲೇಟರ್, ಮೊದಲ ಬಗೆ. ಒಳಗಿನ ಜೋಡಣೆಯನ್ನು ನಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದಾದ ಎಫ್‌ಪಿಜಿಎ ಎಂಬ ಚಿಪ್ಪಿನಲ್ಲಿ ಹಳೆಯ ವಿದ್ಯುತ್ ಮಂಡಲವನ್ನೇ ಬರೆದುಕೊಳ್ಳುವುದು ಎರಡನೆಯದು. ಬಿಡಿ ಬಿಡಿ ಚಿಪ್ಪುಗಳನ್ನು ಬೆಸೆದು ಬೋರ್ಡನ್ನೇ ಮತ್ತೆ ಕಟ್ಟುವುದು ಮೂರನೆಯದು. ಈ ಮೂರನೆಯದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸ್ಪೆಕ್ಟ್ರಮ್ಮಿನ ಹೃದಯಭಾಗದಲ್ಲಿ ಎರಡು ಮುಖ್ಯ ಚಿಪ್ಪುಗಳಿದ್ದವು. ಒಂದು ಜಡ್80 ಸಂಸ್ಕಾರಕ, ಇನ್ನೊಂದು ಫೆರಾಂಟಿ ಕಂಪನಿ ಮಾಡಿಕೊಟ್ಟ ಯುಎಲ್‌ಎ. ಪರದೆಯ ಚಿತ್ರ ಬಿಡಿಸುವುದು, ಕೀಲಿ ಓದುವುದು, ಕ್ಯಾಸೆಟ್ಟಿನ ಸದ್ದನ್ನು ಸಂಸ್ಕಾರಕಕ್ಕೆ ಒಪ್ಪಿಸುವುದು ಎಲ್ಲ ಈ ಯುಎಲ್‌ಎಯ ಕೆಲಸ. ಅದು ಬೇರೆಲ್ಲೂ ಸಿಗದ ಚಿಪ್ಪು, ಅದರ ಒಳಗಿನ ನಕ್ಷೆಯನ್ನು ಯಾರೂ ಹೊರಗೆ ಬಿಟ್ಟಿರಲಿಲ್ಲ. ಕ್ರಿಸ್ ಸ್ಮಿತ್ ಎಂಬವರು ಅದರ ಸಿಲಿಕಾನ್ ತುಣುಕಿನ ಚಿತ್ರಗಳನ್ನು ಗೆರೆಗೆರೆಯಾಗಿ ಓದಿ, ಒಳಗಿನ ತರ್ಕವನ್ನೆಲ್ಲ ಬಿಡಿಸಿ 2010ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಅವರ ಹಾರ್ಲೆಕ್ವಿನ್ ಎಂಬ ವಿನ್ಯಾಸದಲ್ಲಿ ಯುಎಲ್‌ಎ ಇಲ್ಲ. ಅದರ ಜಾಗದಲ್ಲಿ ಅಂಗಡಿಯಲ್ಲಿ ಸಿಗುವ ಸಾಮಾನ್ಯ ತರ್ಕ ಚಿಪ್ಪುಗಳ ಸಾಲೇ ಇದೆ. ಮೂಲ ಯಂತ್ರ ಒಂದು ಚಿತ್ರವನ್ನು ಟಿ.ವಿ.ಗೆ ಕಳಿಸುವಷ್ಟರಲ್ಲಿ ಅದರ ಗಡಿಯಾರ 69,888 ಸಲ ಮಿಡಿಯುತ್ತದೆ. ಯುಎಲ್‌ಎ ಚಿತ್ರದ ಸ್ಮರಣೆಯನ್ನು ಓದುವ ಹೊತ್ತಿಗೆ ಸಂಸ್ಕಾರಕವೂ ಅದೇ ಸ್ಮರಣೆಗೆ ಕೈ ಹಾಕಿದರೆ ಯುಎಲ್‌ಎ ಅದರ ಗಡಿಯಾರವನ್ನೇ ಕೆಲವು ಮಿಡಿತ ತಡೆದು ನಿಲ್ಲಿಸುತ್ತದೆ. ಅಂದಿನ ಆಟಗಳನ್ನು ಬರೆದವರು ಈ ತಡೆಯನ್ನೂ ಲೆಕ್ಕಕ್ಕೆ ಹಿಡಿದು ಪರದೆಯ ಅಂಚಿನಲ್ಲಿ ಬಣ್ಣದ ಪಟ್ಟೆ ಮೂಡಿಸುತ್ತಿದ್ದರು. ಮರುನಿರ್ಮಾಣದಲ್ಲಿ ಈ ತಡೆ ಒಂದು ಮಿಡಿತ ಹೆಚ್ಚುಕಡಿಮೆಯಾದರೂ ಪಟ್ಟೆ ಒರಗಿ ನಿಲ್ಲುತ್ತದೆ.

ಹಾಗಾದರೆ ಹಾರ್ಲೆಕ್ವಿನ್ ಸ್ಪೆಕ್ಟ್ರಮ್ಮೇ ಹೌದೋ? ದ್ರವ್ಯವನ್ನು ಹಿಡಿದು ಉತ್ತರ ಹೇಳಹೊರಟರೆ ನಾವು ಹಳೆಯ ಒಂದು ಜಗಳಕ್ಕೆ ಬಂದು ನಿಲ್ಲುತ್ತೇವೆ. ಹಸಿ ಮಡಕೆಯನ್ನು ಆವಿಗೆಯಲ್ಲಿ ಸುಟ್ಟಾಗ ಕೆಂಪಾಗಿ ಹೊರಬರುವುದು ಒಳಗೆ ಹೋದ ಮಡಕೆಯೇ ಹೌದೋ ಎಂದು ವೈಶೇಷಿಕರಿಗೂ ನೈಯಾಯಿಕರಿಗೂ ಭಿನ್ನಾಭಿಪ್ರಾಯ. ಬೆಂಕಿಯಲ್ಲಿ ಮಡಕೆ ಪರಮಾಣುಗಳವರೆಗೆ ಬೇರ್ಪಟ್ಟು, ಪರಮಾಣುಗಳ ಬಣ್ಣ ಬದಲಾಗಿ, ಅವು ಮತ್ತೆ ಸೇರಿ ಹೊಸ ಮಡಕೆಯೇ ಹುಟ್ಟುತ್ತದೆ ಎಂದು ವೈಶೇಷಿಕರು ಹೇಳಿದರು. ಮಡಕೆ ಮಡಕೆಯಾಗಿಯೇ ಉಳಿದು ಬೆಂಕಿ ಅದರ ಸಂದುಗಳಲ್ಲಿ ಹೊಕ್ಕು ಬಣ್ಣ ಬದಲಿಸುತ್ತದೆ ಎಂದು ನೈಯಾಯಿಕರು ಹೇಳಿದರು. ಬೌದ್ಧ ಭಿಕ್ಷು ನಾಗಸೇನ ಮಿಲಿಂದ ರಾಜನಿಗೆ ಕೊಟ್ಟ ರಥದ ದೃಷ್ಟಾಂತ ಇನ್ನೂ ಮುಂದೆ ಹೋಗುತ್ತದೆ. ಗಾಲಿ, ಅಚ್ಚು, ನೊಗ ಇವುಗಳಲ್ಲಿ ಯಾವುದೂ ರಥವಲ್ಲ, ಇವು ಒಟ್ಟುಗೂಡಿದ್ದಕ್ಕೆ ನಾವು ಇಟ್ಟುಕೊಂಡ ವ್ಯವಹಾರದ ಹೆಸರು ರಥ. ಮೂವರ ವಾದವೂ ಗಟ್ಟಿಯಾದದ್ದು, ಆದರೆ ಕಂಪ್ಯೂಟರಿನ ವಿಷಯದಲ್ಲಿ ದ್ರವ್ಯದ ಹಾದಿ ಬಹುದೂರ ಸಾಗುವುದಿಲ್ಲ. ಕಾರಣ ಸರಳ: ಮೂಲವೇ ಒಂದಾಗಿರಲಿಲ್ಲ. ಮೊದಲ ತಂಡದ ಸ್ಪೆಕ್ಟ್ರಮ್‌ಗಳಲ್ಲಿ ಯುಎಲ್‌ಎಯ ದೋಷವೊಂದು ತಡವಾಗಿ ಗೊತ್ತಾಗಿ, ಅದನ್ನು ಸರಿಪಡಿಸಲು ಇನ್ನೊಂದು ಚಿಪ್ಪನ್ನು ಅಂಗಾತ ಮಲಗಿಸಿ ತಂತಿಗಳಿಂದ ಬೆಸೆದಿದ್ದರು. ಕಾಲು ಮೇಲೆ ಮಾಡಿ ಬಿದ್ದ ಆ ಚಿಪ್ಪಿಗೆ ರಿಪೇರಿಯವರು ಸತ್ತ ಜಿರಲೆ ಎಂದೇ ಹೆಸರಿಟ್ಟಿದ್ದಾರೆ. ಆಮೇಲಿನ ಬೋರ್ಡುಗಳಲ್ಲಿ ಆ ಜಿರಲೆ ಇಲ್ಲ, ಬಿಡಿಭಾಗಗಳೂ ಬೇರೆ, ಯುಎಲ್‌ಎಯೇ ಬೇರೆ ಆವೃತ್ತಿ. ಕಾರ್ಖಾನೆಯವರೇ ದ್ರವ್ಯವನ್ನು ಬದಲಿಸುತ್ತ ಹೋದರು, ಆದರೂ ಎಲ್ಲವೂ ಸ್ಪೆಕ್ಟ್ರಮ್ಮುಗಳೇ ಆದವು. ಬದಲಿಸಿದವರು ಕಾರ್ಖಾನೆಯವರು ಎಂಬ ಒಂದೇ ಕಾರಣಕ್ಕೆ ಅದು ಸರಿ, ಹವ್ಯಾಸಿ ಬದಲಿಸಿದರೆ ತಪ್ಪು ಎನ್ನುವುದು ತರ್ಕವಲ್ಲ, ಟ್ರೇಡ್‌ಮಾರ್ಕಿನ ಕಾನೂನು.

ಮೀಮಾಂಸಕರು ಪ್ರಶ್ನೆಯನ್ನು ಎತ್ತಿಕೊಂಡದ್ದೇ ಬೇರೆ ಕಡೆಯಿಂದ. ಜೈಮಿನಿಯ ಸೂತ್ರಗಳ ಆರನೇ ಅಧ್ಯಾಯದ ಮೂರನೇ ಪಾದದಲ್ಲಿ ಪ್ರತಿನಿಧಿಯ, ಅಂದರೆ ಬದಲಿಯ, ವಿಚಾರ ಬರುತ್ತದೆ. ಯಾಗ ಹಿಡಿದಾಗಿದೆ, ವಿಧಿಸಿದ ಭತ್ತ ಸಿಗುತ್ತಿಲ್ಲ. ಯಾಗವನ್ನು ಕೈಬಿಡಬೇಕೋ? ಬೇಡ, ಭತ್ತಕ್ಕೆ ಹತ್ತಿರದ ಕಾಡುಭತ್ತ, ಅಂದರೆ ನೀವಾರ, ತಂದು ಮುಗಿಸಬೇಕು. ಸೋಮಲತೆ ಸಿಗದಿದ್ದರೆ ಪೂತಿಕದ ಬಳ್ಳಿಯನ್ನು ಹಿಂಡಬೇಕು ಎಂದು ಶ್ರುತಿಯೇ ಹೇಳಿದೆ. ಆದರೆ ಎಲ್ಲದಕ್ಕೂ ಪ್ರತಿನಿಧಿ ಇಲ್ಲ. ದೇವತೆಗೆ ಇಲ್ಲ, ಅಗ್ನಿಗೆ ಇಲ್ಲ, ಮಂತ್ರಕ್ಕೆ ಇಲ್ಲ, ಕ್ರಿಯೆಗೆ ಇಲ್ಲ. ಅವರು ಕೊಡುವ ಕಾರಣ ಬಹಳ ಸೂಕ್ಷ್ಮವಾದದ್ದು. ಭತ್ತ ಯಾಗದಲ್ಲಿ ಮಾಡುವ ಕೆಲಸ ಕಣ್ಣಿಗೆ ಕಾಣುವಂಥದ್ದು. ಕುಟ್ಟಿದರೆ ಅಕ್ಕಿ, ಬೀಸಿದರೆ ಹಿಟ್ಟು, ಬೇಯಿಸಿದರೆ ಪುರೋಡಾಶ. ಅದೇ ಕೆಲಸ ಮಾಡಬಲ್ಲ ಇನ್ನೊಂದು ವಸ್ತುವನ್ನು ಗುರುತಿಸುವುದು ಸಾಧ್ಯ. ಮಂತ್ರ, ದೇವತೆ, ಕ್ರಿಯೆಗಳ ಫಲ ಹೀಗೆ ಕಾಣುವಂಥದ್ದಲ್ಲ. ಅವುಗಳ ಜಾಗದಲ್ಲಿ ಬೇರೊಂದನ್ನು ಇಟ್ಟರೆ ಅದು ಅದೇ ಕೆಲಸ ಮಾಡುತ್ತದೆ ಎನ್ನಲು ಆಧಾರವೇ ಇಲ್ಲ, ಇಟ್ಟ ಕ್ಷಣ ಅದು ಬೇರೆ ಯಾಗ. ವಸ್ತುವಿನ ಗುರುತು ಅದರ ಮೈಯಲ್ಲಿ ಇಲ್ಲ, ಅದು ಯಾವ ಕರ್ಮದಲ್ಲಿ ಏನು ಮಾಡುತ್ತದೆ ಎಂಬುದರಲ್ಲಿದೆ ಎಂಬ ದೊಡ್ಡ ಮಾತು ಇದರ ಹಿಂದಿದೆ. ಕಂಪ್ಯೂಟರಿಗೆ ಇದಕ್ಕಿಂತ ಹೊಂದುವ ವಿಚಾರವನ್ನು ನಾನು ಬೇರೆ ಯಾವ ದರ್ಶನದಲ್ಲೂ ಕಂಡಿಲ್ಲ. ನಿಂತ ಕಂಪ್ಯೂಟರು ಬರೀ ಪ್ಲಾಸ್ಟಿಕ್ಕು, ಲೋಹ. ಓಡುತ್ತಿರುವಾಗಲೇ ಅದು ಕಂಪ್ಯೂಟರು. ಅದರ ರೋಮ್‌ನಲ್ಲಿ, ಅಂದರೆ ಅಳಿಯದ ಸ್ಮರಣೆಯಲ್ಲಿ, ಕೂತ 16 ಕೆ ಸೂಚನೆಗಳು ಮಂತ್ರದ ಜಾಗದಲ್ಲಿವೆ, ಒಂದು ಅಕ್ಷರ ತಪ್ಪಿದರೂ ಆಗದು. ಯಾವ ಮಿಡಿತದಲ್ಲಿ ಏನು ನಡೆಯಬೇಕು ಎಂಬ ಕ್ರಮ ಕ್ರಿಯೆಯ ಜಾಗದಲ್ಲಿದೆ. ಚಿಪ್ಪು, ಬೋರ್ಡು, ಕೀಲಿ, ಡಬ್ಬಿ ಇವೆಲ್ಲ ದ್ರವ್ಯ. 2024ರಲ್ಲಿ ಜಿಲಾಗ್ ಕಂಪನಿ 1976ರಿಂದ ಮಾಡುತ್ತ ಬಂದಿದ್ದ ಜಡ್80 ಬಿಡಿ ಚಿಪ್ಪಿಗೆ ಕೊನೆಯ ಬಾರಿಗೆ ಆರ್ಡರು ತೆಗೆದುಕೊಂಡಿತು. ಸೋಮ ಸಿಗದ ಕಾಲ ಬರುತ್ತಿದೆ, ಪೂತಿಕವನ್ನು ಹುಡುಕಿಕೊಳ್ಳುವುದು ಅಧರ್ಮವಲ್ಲ.

ಇದೇ ಪಾದದಲ್ಲಿ ಇನ್ನೊಂದು ನಿರ್ಣಯವಿದೆ, ಹವ್ಯಾಸಿಗಳು ಗೋಡೆಗೆ ಬರೆದಿಟ್ಟುಕೊಳ್ಳಬೇಕಾದಂಥದ್ದು. ಭತ್ತದ ಬದಲು ನೀವಾರ ತಂದಿದ್ದಾಯಿತು, ಆ ನೀವಾರವೂ ಹಾಳಾಯಿತು. ಈಗ ಹುಡುಕಬೇಕಾದ್ದು ನೀವಾರದಂಥದ್ದನ್ನೋ, ಭತ್ತದಂಥದ್ದನ್ನೋ? ಭತ್ತದಂಥದ್ದನ್ನೇ ಎಂದು ಅವರು ತೀರ್ಮಾನಿಸುತ್ತಾರೆ. ಪ್ರತಿನಿಧಿಗೆ ಪ್ರತಿನಿಧಿ ಇಲ್ಲ, ಪ್ರತಿ ಸಲವೂ ಮುಖ್ಯದ್ರವ್ಯದ ಕಡೆಗೇ ತಿರುಗಬೇಕು. ಎಮ್ಯುಲೇಟರುಗಳ ಚರಿತ್ರೆ ಈ ನಿರ್ಣಯಕ್ಕೆ ಸಾಕ್ಷಿ ಹೇಳುತ್ತದೆ. ಒಂದು ಎಮ್ಯುಲೇಟರನ್ನು ನೋಡಿ ಇನ್ನೊಂದನ್ನು ಬರೆದರೆ ಮೊದಲನೆಯದರ ತಪ್ಪು ಎರಡನೆಯದಕ್ಕೆ ಇಳಿಯುತ್ತದೆ, ಆ ತಪ್ಪನ್ನೇ ನಂಬಿ ಹೊಸ ಆಟಗಳನ್ನು ಬರೆದವರ ಕೆಲಸ ಮೂಲ ಯಂತ್ರದ ಮೇಲೆ ಓಡುವುದಿಲ್ಲ. ಕೈಪಿಡಿಯನ್ನು ನಂಬಿದರೂ ಸಾಲದು. ಜಡ್80ರೊಳಗೆ ತಯಾರಕರ ಕೈಪಿಡಿಯಲ್ಲಿ ಹೆಸರೇ ಇಲ್ಲದ ಒಂದು ಆಂತರಿಕ ರಿಜಿಸ್ಟರ್ ಇದೆ. ಒಂದು ನಿರ್ದಿಷ್ಟ ಸೂಚನೆ ಕೊಟ್ಟಾಗ ಅದರ ಎರಡು ಬಿಟ್‌ಗಳು ಫ್ಲ್ಯಾಗ್ ರಿಜಿಸ್ಟರಿನಲ್ಲಿ ಇಣುಕುತ್ತವೆ. ಚಿಪ್ಪು ಹುಟ್ಟಿ ಮೂವತ್ತು ವರ್ಷ ಕಳೆದ ಮೇಲೆ ಹವ್ಯಾಸಿಗಳು ನಿಜವಾದ ಚಿಪ್ಪಿಗೆ ಮತ್ತೆ ಮತ್ತೆ ಪ್ರಶ್ನೆ ಹಾಕಿ ಆ ರಿಜಿಸ್ಟರಿನ ನಡವಳಿಕೆಯನ್ನು ಪೂರ್ತಿ ಬಿಡಿಸಿದರು. ಆಪಲ್, ಕಮೊಡೋರ್, ಬಿಬಿಸಿ ಮೈಕ್ರೊ ಮೊದಲಾದವುಗಳ ಜೀವಾಳವಾದ 6502 ಸಂಸ್ಕಾರಕದ ಮುಚ್ಚಳ ತೆಗೆದು, ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು, ಪ್ರತಿಯೊಂದು ಟ್ರಾನ್ಸಿಸ್ಟರನ್ನೂ ಗುರುತಿಸಿ ಅದರ ಪೂರ್ಣ ಮಾದರಿಯನ್ನು 2010ರಲ್ಲಿ ಮೂವರು ಹವ್ಯಾಸಿಗಳು ಸಿದ್ಧಪಡಿಸಿದರು. ಇವರು ಮೀಮಾಂಸೆ ಓದಿದವರಲ್ಲ. ಕೆಲಸವನ್ನು ಶ್ರದ್ಧೆಯಿಂದ ಮಾಡಿದವರು, ಶ್ರದ್ಧೆ ಅವರನ್ನು ಅದೇ ನಿಯಮಕ್ಕೆ ತಂದು ಮುಟ್ಟಿಸಿತು. ಇದೇ ಅಳತೆಗೋಲು ಹಿಡಿದರೆ ಕೆಲವು ಸುಂದರ ಕೆಲಸಗಳೂ ಪ್ರತಿನಿಧಿಯಾಗುವುದಿಲ್ಲ ಎನ್ನಬೇಕಾಗುತ್ತದೆ. ಎರಿಕ್ ಶ್ಲೇಫರ್ 6502ನ್ನು ಬಿಡಿ ಟ್ರಾನ್ಸಿಸ್ಟರುಗಳಿಂದ ದೊಡ್ಡ ಹಲಗೆಯ ಮೇಲೆ ಕಟ್ಟಿ, ಒಳಗಿನ ಸಂಕೇತಗಳು ದೀಪವಾಗಿ ಮಿನುಗುವಂತೆ ಮಾಡಿದರು. ನೋಡುವವರಿಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೆ ಅದು ಮೂಲದ ಇಪ್ಪತ್ತನೇ ಒಂದು ಭಾಗದ ವೇಗದಲ್ಲಿ ಓಡುತ್ತದೆ. ರೂಪ ಪೂರ್ತಿ ಇದೆ, ಕಾಲದಲ್ಲಿ ಕ್ರಿಯೆ ಇಲ್ಲ. ಅದು ವ್ಯಾಖ್ಯಾನ, ಪ್ರಯೋಗವಲ್ಲ.

ಇಷ್ಟು ಹೊತ್ತಿಗೆ ಆಸ್ತಿಕ ಓದುಗರ ಮನಸ್ಸಿನಲ್ಲಿ ಒಂದು ಆಕ್ಷೇಪ ಬಲಿತಿರುತ್ತದೆ, ಅದು ಗೌರವದಿಂದ ಉತ್ತರಿಸಬೇಕಾದ ಆಕ್ಷೇಪ. ದೇವರ ಪುನಃಪ್ರತಿಷ್ಠೆಯನ್ನೂ ಆಟದ ಯಂತ್ರವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಎಷ್ಟು ಸರಿ? ಬಿಂಬಕ್ಕೆ ಸಾನ್ನಿಧ್ಯ ಬರುವುದು ಮಂತ್ರದಿಂದ, ತಂತ್ರಿಯ ತಪಸ್ಸಿನಿಂದ, ಎಲ್ಲಕ್ಕಿಂತ ಹೆಚ್ಚಾಗಿ ದೇವರ ಅನುಗ್ರಹದಿಂದ. ಯಂತ್ರಕ್ಕೆ ಅಂಥ ಯಾವುದೂ ಇಲ್ಲ. ಈ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ನನ್ನ ವಾದಕ್ಕೆ ಬೇಕಾದ್ದು ಆ ಭೇದವೇ. ಪ್ರತಿಮೆಯೇ ದೇವರೆಂದು ತಿಳಿಯುವುದು ತಪ್ಪು, ಪ್ರತಿಮೆಯಲ್ಲಿ ದೇವರಿದ್ದಾನೆಂದು ತಿಳಿದು ಪೂಜಿಸಬೇಕು ಎಂದು ಉಡುಪಿಯ ಮಧ್ವಾಚಾರ್ಯರು ಖಚಿತವಾಗಿ ಹೇಳಿದರು. ಜಡಕ್ಕೂ ಈಶ್ವರನಿಗೂ ಇರುವ ಭೇದವನ್ನು ಅವರು ಎಲ್ಲೂ ಸಡಿಲಿಸಲಿಲ್ಲ. ಹೀಗೆ ಆಧಾರವನ್ನೂ ಆಧಾರದಲ್ಲಿ ಇರುವುದನ್ನೂ ಬೇರೆಯಾಗಿ ಎಣಿಸುವುದರಿಂದಲೇ ಜೀರ್ಣೋದ್ಧಾರ ಸಾಧ್ಯವಾಗುತ್ತದೆ. ಕಲ್ಲೇ ದೇವರಾಗಿದ್ದರೆ ಕಲ್ಲು ಬಿರುಕು ಬಿಟ್ಟ ದಿನ ಊರಿಗೆ ದೇವರಿಲ್ಲ. ಯಂತ್ರದ ವಿಷಯದಲ್ಲಿ ನಾನು ಎರವಲು ಪಡೆಯುವುದು ಈ ವಿವೇಕವನ್ನು ಮಾತ್ರ, ಸಾನ್ನಿಧ್ಯವನ್ನಲ್ಲ. ದೇವಸ್ಥಾನದಲ್ಲಿ ಸಾಗಿಸುವುದು ಚೈತನ್ಯ, ಅದಕ್ಕೆ ಅಧಿಕಾರ ಬೇಕು. ಕಂಪ್ಯೂಟರಿನಲ್ಲಿ ಸಾಗಿಸುವುದು ಮನುಷ್ಯರು ಯೋಚಿಸಿ ಕಟ್ಟಿದ ಒಂದು ಕ್ರಮ, ಅದಕ್ಕೆ ಎಚ್ಚರ ಬೇಕು. ಎರಡು ಕಡೆಯೂ ಹಳೆಯದನ್ನು ಬಿಚ್ಚುವ ಮೊದಲೇ ಸಾಗಿಸಬೇಕಾದ್ದನ್ನು ಸುರಕ್ಷಿತವಾಗಿ ಬೇರೆ ಆಧಾರಕ್ಕೆ ತಂದುಕೊಂಡಿರಬೇಕು. ಹಳೆಯ ಈಪ್ರಾಮ್ ಚಿಪ್ಪುಗಳಲ್ಲಿ ಹಿಡಿದಿಟ್ಟ ವಿದ್ಯುದಂಶ ದಶಕಗಳಲ್ಲಿ ಮೆಲ್ಲಗೆ ಸೋರಿ ಅಕ್ಷರಗಳು ಬದಲಾಗುತ್ತವೆ. ಬೋರ್ಡಿಗೆ ಕೈಹಚ್ಚುವ ಮುಂಚೆ ಆ ಚಿಪ್ಪನ್ನು ಓದಿ, ಎರಡನೇ ಸಲ ಓದಿ, ಎರಡೂ ಒಂದೇ ಇವೆ ಎಂದು ತಾಳೆ ನೋಡಿ ಪ್ರತಿ ಇಟ್ಟುಕೊಳ್ಳದ ಹವ್ಯಾಸಿ, ಬಾಲಾಲಯ ಮಾಡದೆ ಗರ್ಭಗುಡಿಗೆ ಹಾರೆ ಹಾಕಿದವನು.

ಎರಡನೇ ಆಕ್ಷೇಪ ಇತಿಹಾಸಕಾರರದ್ದು. ಬಾರ್ಕೂರಿಗೆ ಹೋಗಿ ಕತ್ತಲೆ ಬಸದಿಯನ್ನು ನೋಡಿದವರಿಗೆ ಅದು ತಟ್ಟನೆ ಅರ್ಥವಾಗುತ್ತದೆ. ಅಲ್ಲಿ ಹಳೆಯ ಕಲ್ಲು ಉಳಿದಿದೆ, ಅದಕ್ಕೇ ಅದು ಆಳುಪರ ಕಾಲದಿಂದ ಈಚಿನ ಒಂದು ರಾಜಧಾನಿಯ ಬಗ್ಗೆ ನಮಗೆ ಏನಾದರೂ ಹೇಳಬಲ್ಲದು. ಶಾಸನವನ್ನು ಹೊಸ ಕಲ್ಲಿನ ಮೇಲೆ ಚೆನ್ನಾಗಿ ಕೊರೆದು ಹಳೆಯದನ್ನು ಮೆಟ್ಟಿಲಿಗೆ ಹಾಕಿದರೆ ಪಾಠ ಉಳಿಯಬಹುದು, ಸಾಕ್ಷ್ಯ ಉಳಿಯುವುದಿಲ್ಲ. ಅಕ್ಷರದ ಆಳ, ಉಳಿಯ ಗುರುತು, ಅಳಿಸಿ ಬರೆದ ಜಾಗ ಇವೆಲ್ಲ ದ್ರವ್ಯದಲ್ಲೇ ಇರುವ ಸಂಗತಿಗಳು. ಈ ಆಕ್ಷೇಪ ನಿಜ, ಮೀಮಾಂಸೆಯ ಅಳತೆಗೋಲಿಗೆ ಇದು ಸಿಕ್ಕುವುದಿಲ್ಲ, ಏಕೆಂದರೆ ಮೀಮಾಂಸಕರಿಗೆ ಭತ್ತದ ಚರಿತ್ರೆ ಬೇಕಿರಲಿಲ್ಲ. ನಮ್ಮ ಜೀರ್ಣೋದ್ಧಾರಗಳ ಬಗ್ಗೆಯೂ ಇಲ್ಲೊಂದು ಮಾತು ಹೇಳಲೇಬೇಕು. ಕರಾವಳಿಯ ಎಷ್ಟೋ ಗುಡಿಗಳಲ್ಲಿ ಮುರಕಲ್ಲಿನ ಗೋಡೆ ಹೋಗಿ ಬಿಳಿ ಶಿಲೆ ಬಂದಾಗ, ಕೆತ್ತನೆಯ ಮರದ ಮುಚ್ಚಿಗೆ ಇಳಿದು ಕಾಂಕ್ರೀಟು ಏರಿದಾಗ, ಸಾನ್ನಿಧ್ಯ ಕ್ರಮವಾಗಿ ಸಾಗಿತು, ಬಡಗಿಯ ಕೈಗುರುತು ಸಾಗಲಿಲ್ಲ. ವಿಧಿಯಲ್ಲಿ ತಪ್ಪಿಲ್ಲ. ಬಿಚ್ಚಿದ್ದನ್ನು ಎಲ್ಲಿ ಇಡಬೇಕು ಎಂದು ಯೋಚಿಸದ ನಮ್ಮಲ್ಲಿ ತಪ್ಪಿದೆ. ಕಂಪ್ಯೂಟರಿನಲ್ಲೂ ಹೀಗೇ ಆಗಿದೆ. ಕಮೊಡೋರ್ 64ರಲ್ಲಿ ಬಾಬ್ ಯಾನೆಸ್ ರೂಪಿಸಿದ ಸಿಡ್ ಎಂಬ ನಾದದ ಚಿಪ್ಪಿತ್ತು. ಅದರ ಧ್ವನಿಗೆ ಮನಸೋತವರು ಒಳ್ಳೆಯ ಯಂತ್ರಗಳನ್ನೇ ಒಡೆದು ಚಿಪ್ಪು ಕಿತ್ತು ಸಂಗೀತದ ಸಲಕರಣೆಗಳಿಗೆ ಹಾಕಿಕೊಂಡರು. ಆದ್ದರಿಂದ ಪ್ರತಿನಿಧಿಯ ನಿಯಮಕ್ಕೆ ನಾನು ಒಂದನ್ನು ಸೇರಿಸುತ್ತೇನೆ: ಮುಖ್ಯವು ಕೈಲಿರುವಾಗ ಪ್ರತಿನಿಧಿಗಾಗಿ ಅದನ್ನು ಬಲಿ ಕೊಡಬಾರದು. ಮರುನಿರ್ಮಾಣ ಚೆನ್ನಾಗಿ ನಡೆದರೆ ಮೂಲಕ್ಕೆ ವಿಶ್ರಾಂತಿ ಸಿಗುತ್ತದೆ, ಅದನ್ನು ಇನ್ನು ಓಡಿಸಿ ಸವೆಸಬೇಕಿಲ್ಲ. ಆಗ ಇತಿಹಾಸಕಾರನೂ ಹವ್ಯಾಸಿಯೂ ಎದುರಾಳಿಗಳಲ್ಲ.

ಇನ್ನೊಂದು ತೊಡಕಿನ ಜಾಗವಿದೆ: ಹೊಸದನ್ನು ಸೇರಿಸಬಹುದೇ? 2017ರಲ್ಲಿ ಜನರಿಂದ ಹಣ ಕೂಡಿಸಿ ಆರಂಭವಾದ ಸ್ಪೆಕ್ಟ್ರಮ್ ನೆಕ್ಸ್ಟ್ ಎಂಬ ಯಂತ್ರಕ್ಕೆ ಮೂಲ ಸ್ಪೆಕ್ಟ್ರಮ್ಮಿನ ಹೊರರೂಪ ಮಾಡಿದ್ದ ರಿಕ್ ಡಿಕಿನ್ಸನ್ ಅವರೇ ಹೊರರೂಪ ಮಾಡಿಕೊಟ್ಟರು. 2020ರಲ್ಲಿ ಯಂತ್ರ ಜನರ ಕೈ ಸೇರುವಾಗ ಅವರು ಬದುಕಿರಲಿಲ್ಲ. ಅದು ಹಳೆಯ ಆಟಗಳನ್ನು ಹಳೆಯ ಹಾಗೇ ಆಡಿಸುತ್ತದೆ, ಜೊತೆಗೆ ಹೆಚ್ಚು ಬಣ್ಣ, ಹೆಚ್ಚು ವೇಗ, ಹೆಚ್ಚು ಸ್ಮರಣೆಯನ್ನೂ ಕೊಡುತ್ತದೆ. ಇದು ಅಪಚಾರವೋ ಬೆಳವಣಿಗೆಯೋ ಎಂಬ ವಾದವನ್ನು ನಾವು ಕೋಟದ ಶಿವರಾಮ ಕಾರಂತರ ಕಾಲದಿಂದಲೇ ಬಲ್ಲೆವು. ಯಕ್ಷಗಾನದ ಬಡಗುತಿಟ್ಟಿನ ಹಳೆಯ ವೇಷ, ತಾಳ, ರಾಗಗಳನ್ನು ಹುಡುಕಿ ದಾಖಲಿಸಿ 1957ರಲ್ಲಿ ‘ಯಕ್ಷಗಾನ ಬಯಲಾಟ’ ಬರೆದವರೂ ಅವರೇ, ರಂಗಕ್ಕೆ ಪಿಟೀಲು ಮತ್ತು ಸ್ಯಾಕ್ಸೊಫೋನ್ ತಂದು ಮಾತನ್ನು ಬಿಟ್ಟು ನೃತ್ಯನಾಟಕ ಮಾಡಿದವರೂ ಅವರೇ. ಎರಡನ್ನೂ ಅವರು ಮಾಡಬಲ್ಲವರಾದದ್ದು ಮೊದಲನೆಯದನ್ನು ಆಳವಾಗಿ ಮಾಡಿದ್ದರಿಂದ. ಕುಂದಾಪುರದ ಹತ್ತಿರದ ಉಪ್ಪಿನಕುದ್ರಿನಲ್ಲಿ ಕೊಗ್ಗ ಕಾಮತರ ಮನೆತನ ಇನ್ನೊಂದು ಹಾದಿಯನ್ನು ತೋರಿಸಿದೆ. ಅವರ ಸೂತ್ರದ ಗೊಂಬೆಗಳು ಯಕ್ಷಗಾನದ ವೇಷವನ್ನೂ ಹೆಜ್ಜೆಯನ್ನೂ ಮರದಲ್ಲಿ ಮತ್ತೆ ಕಟ್ಟಿದವು. ಮನುಷ್ಯ ವೇಷಧಾರಿಯ ಜಾಗದಲ್ಲಿ ಮರದ ತುಂಡು ಬಂದರೂ ಭಾಗವತಿಕೆ, ಚೆಂಡೆ, ಮದ್ದಳೆ, ತಾಳ ಬದಲಾಗಲಿಲ್ಲ, ಗೊಂಬೆಯ ಕಾಲು ತಾಳಕ್ಕೇ ಬೀಳಬೇಕು. ದ್ರವ್ಯಕ್ಕೆ ಪ್ರತಿನಿಧಿ, ಕ್ರಿಯೆಗೆ ಪ್ರತಿನಿಧಿ ಇಲ್ಲ ಎಂಬುದನ್ನು ಶಾಸ್ತ್ರದ ಹೆಸರೆತ್ತದೆ ಪಾಲಿಸಿದ ಕಲೆ ಅದು. ನನ್ನ ನಿರ್ಣಯ ಇಷ್ಟು: ಸೇರಿಸಬಹುದು, ಆದರೆ ಸೇರಿಸಿದ್ದನ್ನು ತೆಗೆದಿಟ್ಟು ಹಳೆಯದನ್ನು ಹಳೆಯದಾಗಿಯೇ ಓಡಿಸುವ ದಾರಿ ಯಂತ್ರದಲ್ಲಿ ತೆರೆದಿರಬೇಕು, ಯಾವುದು ಸೇರಿಸಿದ್ದು ಎಂಬುದನ್ನು ಬಚ್ಚಿಡಬಾರದು. ಮೂಲದ ದೋಷಗಳಿಗೂ ಇದೇ ಮಾತು. ಸಂಸ್ಕಾರಕದ ಒಂದು ರಿಜಿಸ್ಟರಿಗೆ ಕೆಲವು ಬೆಲೆಗಳನ್ನು ತುಂಬಿದರೆ ಮೂಲ ಸ್ಪೆಕ್ಟ್ರಮ್ಮಿನ ಪರದೆಯ ಮೇಲೆ ಹಿಮ ಉದುರಿದಂತೆ ಚುಕ್ಕೆಗಳು ಏಳುತ್ತವೆ. ಅದು ತಪ್ಪೇ, ಆದರೂ ಅದು ಆ ಯಂತ್ರದ ಕ್ರಿಯೆಯ ಭಾಗ. ಅದನ್ನು ಅಳಿಸಿದ ಪ್ರತಿನಿಧಿ ಚೊಕ್ಕಟವಾಗಿರಬಹುದು, ನಿಷ್ಠವಾಗಿರುವುದಿಲ್ಲ.

ಕೊನೆಯ ಆಕ್ಷೇಪ ವೈರಾಗ್ಯದ್ದು, ಉಳಿದವಕ್ಕಿಂತ ಆಳವಾದದ್ದು. ಜೀರ್ಣವಾದ ಬಟ್ಟೆಯನ್ನು ಬಿಟ್ಟು ಹೊಸದನ್ನು ಉಡುವ ಗೀತೆಯ ದೃಷ್ಟಾಂತವನ್ನು ಹೇಳಿಕೊಂಡು ಬೆಳೆದವರು ನಾವು. ಹೋದದ್ದನ್ನು ಹಿಡಿದೆಳೆಯುವುದು ಮೋಹವಲ್ಲವೇ, ಬಾಲ್ಯದ ಆಟಿಕೆಯ ಮೇಲಿನ ಆಸೆಗೆ ತತ್ತ್ವದ ಬಣ್ಣವೇಕೆ? ಮೋಹವೇ ಆಗಿದ್ದರೆ ಅದು ಆ ಕಾಲದಲ್ಲಿ ಮಕ್ಕಳಾಗಿದ್ದವರಿಗೆ ಮಾತ್ರ ಇರಬೇಕಿತ್ತು. 1982ರಲ್ಲಿ ಹುಟ್ಟಿಯೇ ಇರದವರೂ ಇಂದು ಈ ಬೋರ್ಡು ಬೆಸೆಯುತ್ತಾರೆ. ಅವರನ್ನು ಎಳೆಯುವುದು ತಿಳಿವಳಿಕೆ. ಸ್ಪೆಕ್ಟ್ರಮ್ಮಿನ ರೋಮ್‌ನ ಪ್ರತಿಯೊಂದು ಸೂಚನೆಯನ್ನೂ ಬಿಡಿಸಿ ಟಿಪ್ಪಣಿ ಬರೆದ ಪುಸ್ತಕ 1983ರಲ್ಲೇ ಬಂದಿತ್ತು. ಯುಎಲ್‌ಎಯ ತರ್ಕವೂ ಈಗ ತೆರೆದ ಪುಸ್ತಕ. ಪರದೆಯ ಚಿತ್ರ 6,912 ಬೈಟ್‌ಗಳು, ಅದರಲ್ಲಿ 768 ಬೈಟ್ ಬಣ್ಣಕ್ಕೆ. ಒಬ್ಬ ಮನುಷ್ಯ ಬಿಡುವಿನಲ್ಲಿ ಕೂತು ಓದಿದರೆ ಕೀಲಿ ಒತ್ತಿದಲ್ಲಿಂದ ಅಕ್ಷರ ಮೂಡುವವರೆಗೆ ನಡೆಯುವ ಎಲ್ಲವನ್ನೂ ತನ್ನ ತಲೆಯಲ್ಲಿ ಹಿಡಿಯಬಲ್ಲ. ಇಂದು ನಮ್ಮ ಜೇಬಿನಲ್ಲಿರುವ ಫೋನಿನ ಬಗ್ಗೆ ಅದನ್ನು ಮಾಡಿದವರಲ್ಲೂ ಒಬ್ಬರೇ ಒಬ್ಬರು ಹಾಗೆ ಹೇಳಲಾರರು. ದಿನವಿಡೀ ಬಳಸುವ, ನಮ್ಮ ಗಮನವನ್ನೂ ನಿರ್ಧಾರವನ್ನೂ ತಿದ್ದುವ ಸಾಧನ ಪೂರ್ತಿ ಅಗೋಚರವಾಗಿರುವಾಗ, ಅದರ ವಂಶದಲ್ಲಿ ಗೋಚರವಾಗಿದ್ದ ಕೊನೆಯ ತಲೆಮಾರನ್ನು ಓಡುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಮೋಹವಲ್ಲ, ಅಂಧಶ್ರದ್ಧೆಗೆ ಮದ್ದು. ಗೀತೆಯ ದೃಷ್ಟಾಂತವನ್ನೂ ಪೂರ್ತಿ ನೋಡಬೇಕು. ಅಲ್ಲಿ ಬಟ್ಟೆ ಬದಲಾಗುತ್ತದೆ, ಉಡುವವನು ಉಳಿಯುತ್ತಾನೆ ಎಂಬುದಕ್ಕೆ ಒತ್ತು. ಯಾರೂ ಸಾಗಿಸದಿದ್ದರೆ ಯಂತ್ರದೊಳಗಿನ ಕ್ರಮ ತಾನಾಗಿ ಹೊಸ ಮೈ ಹುಡುಕಿಕೊಂಡು ಹೋಗುವುದಿಲ್ಲ. ಜೀವಕ್ಕೆ ಕರ್ಮವಿದೆ. ತಂತ್ರಾಂಶಕ್ಕೆ ಇರುವುದು ನಾವು ಮಾತ್ರ.

ಈ ವಿಚಾರ ಇಂಗ್ಲೆಂಡಿನ ಆಟದ ಯಂತ್ರಗಳಿಗೇ ಮುಗಿಯುವುದಿಲ್ಲ. ಕನ್ನಡಕ್ಕೂ ಒಂದು ಜೀರ್ಣವಾಗುತ್ತಿರುವ ತಲೆಮಾರಿದೆ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿ ತಮ್ಮ ಗುರುಗಳ ಹೆಸರಿಟ್ಟು ಎಲ್ಲರಿಗೂ ಉಚಿತವಾಗಿ ಕೊಟ್ಟ ‘ಸೇಡಿಯಾಪು’ ತಂತ್ರಾಂಶ, ಐಐಟಿ ಕಾನ್ಪುರದಲ್ಲಿ ಹುಟ್ಟಿ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡು, ಆಮೇಲೆ ಬಂದ ಶ್ರೀಲಿಪಿ, ಪ್ರಕಾಶಕ್, ಆಕೃತಿ ಇವೆಲ್ಲ ಯೂನಿಕೋಡ್ ಬಳಕೆಗೆ ಬರುವ ಮೊದಲಿನವು. ಒಂದೊಂದರ ಸಂಕೇತವೂ ಬೇರೆ. ಒಂದರಲ್ಲಿ ಮಾಡಿದ ಕಡತ ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿ. 90ರ ದಶಕದಲ್ಲಿ ನಮ್ಮ ಡಿಟಿಪಿ ಕೇಂದ್ರಗಳಲ್ಲಿ ಪೇಜ್‌ಮೇಕರ್ ಮೇಲೆ ಕೂಡಿಸಿದ ಪುಸ್ತಕಗಳು, ಪ್ರಸಂಗಗಳು, ಬ್ರಹ್ಮಕಲಶದ ಸ್ಮರಣ ಸಂಚಿಕೆಗಳು ಈ ಸಂಕೇತಗಳಲ್ಲೇ ಇವೆ. ಪರಿವರ್ತಕಗಳಿಂದ ಪಠ್ಯವನ್ನು ಯೂನಿಕೋಡಿಗೆ ತರಬಹುದು, ತರುತ್ತಲೂ ಇದ್ದಾರೆ. ಆದರೆ ಪುಟದ ಜೋಡಣೆ, ಒತ್ತಕ್ಷರ ಕೂರಿಸಿದ ಬಗೆ, ಆ ಕಾಲದ ಕೀಲಿಮಣೆಯ ಮೇಲೆ ಬೆರಳು ಓಡುತ್ತಿದ್ದ ಕ್ರಮ ಇವು ಪರಿವರ್ತಕದಲ್ಲಿ ಬರುವುದಿಲ್ಲ, ಆ ತಂತ್ರಾಂಶ ಅದರದೇ ಯಂತ್ರದಲ್ಲೋ ಅದರ ನಿಷ್ಠ ಪ್ರತಿನಿಧಿಯಲ್ಲೋ ಓಡಿದಾಗಷ್ಟೇ ಕಾಣುತ್ತವೆ. ಡಾಸ್ ಕಾಲದ ಸಾಮಾನ್ಯ ಪಿ.ಸಿ.ಗೆ ಎಮ್ಯುಲೇಟರುಗಳು ಬೇಕಾದಷ್ಟಿವೆ. ಜಿಸ್ಟ್ ಕಾರ್ಡಿನ ಕಥೆ ಬೇರೆ. ಅದು ಪಿ.ಸಿ.ಯೊಳಗೆ ಸಿಕ್ಕಿಸುವ ಬೋರ್ಡು, ಕನ್ನಡ ಅಕ್ಷರ ಕೂಡಿಸುವ ತರ್ಕ ಆ ಬೋರ್ಡಿನ ಚಿಪ್ಪುಗಳಲ್ಲಿತ್ತು. ಬೋರ್ಡು ಸತ್ತರೆ ಅದನ್ನು ನಂಬಿದ ತಂತ್ರಾಂಶ ಪರದೆಯ ಮೇಲೆ ಕನ್ನಡ ಬರೆಯುವುದಿಲ್ಲ. ಸ್ಪೆಕ್ಟ್ರಮ್ಮಿನ ಯುಎಲ್‌ಎಗೆ ಕ್ರಿಸ್ ಸ್ಮಿತ್ ಮಾಡಿದ ಕೆಲಸವನ್ನು ಅದಕ್ಕೂ ಮಾಡಬೇಕು: ಓಡುವ ಕಾರ್ಡೊಂದನ್ನು ಹುಡುಕಬೇಕು, ಅದರ ಈಪ್ರಾಮ್‌ಗಳನ್ನು ಓದಿಟ್ಟುಕೊಳ್ಳಬೇಕು, ಬೋರ್ಡಿನ ಎರಡೂ ಮುಖಗಳ ಚಿತ್ರ ತೆಗೆದು ಗೆರೆಗಳನ್ನು ಹಿಂಬಾಲಿಸಬೇಕು, ಆಮೇಲೆ ಅದನ್ನು ಒಂದು ಒಣ ಜಾಗದಲ್ಲಿ ಮುಟ್ಟದೆ ಇಡಬೇಕು. ಇಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲದ ನಮ್ಮ ಉಡುಪಿ ಜಿಲ್ಲೆಯಲ್ಲಿ ಒಂದು ವರ್ಷದ ವಿದ್ಯಾರ್ಥಿ ಪ್ರಾಜೆಕ್ಟಿಗೆ ಇದು ಹೆಚ್ಚಿನ ಕೆಲಸವೇನಲ್ಲ. ಯಾವುದಾದರೂ ಮುದ್ರಣಾಲಯದ ಅಟ್ಟದಲ್ಲಿ ಅಂಥ ಕಾರ್ಡು ಇನ್ನೂ ಇದ್ದರೆ, ಅದು ಮುಂದಿನ ಮಳೆಗಾಲದೊಳಗೆ ಕೆಳಗಿಳಿಯಬೇಕು.